ಹಿಂದೆ ರಕ್ತ ಏರಿಸಿದ್ದುಂಟೆ?

ಹೊಸಪೇಟೆ
12 ಏಪ್ರಿಲ್ 1984

ಎರ್ರಮ್ಮನಿಗೆ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ನಿನ್ನ ಬಾಟಲಿಯ ವಿಷಯ.

ಫೆಬ್ರವರಿಯಲ್ಲಿ ನೀನು ಐಸು ತುಂಬಿದ ಫ್ಲಾಸ್ಕಿನಲ್ಲಿ ಕಳಿಸಿದ, ರಕ್ತ ಹೊಂದುತ್ತದೋ ಇಲ್ಲವೋ ಎಂದು ನೋಡುವ ಕೂಂಬ್ಸ್ ಸೀರಂ ಕೆಟ್ಟಿದೆ. "ನಿಮ್ಮ ಆಸ್ಪತ್ರೆಯಲ್ಲಿ ಇದು ಇಲ್ಲವೆಂದು ತಿಳಿಯಿತು, ಇಟ್ಟುಕೋ" ಎಂದು ಚೀಟಿ ಬೇರೆ. ನಾನು ಕೇಳಿದ್ದೆನೇ? ಒಂಬತ್ತು ವರ್ಷದಿಂದ ಈ ರಕ್ತ ಬ್ಯಾಂಕಿನಲ್ಲಿ ಉಪ್ಪುನೀರಿನಲ್ಲೇ ರಕ್ತ ಹೊಂದಿಸಿ ಕೊಡುತ್ತಿದ್ದೇನೆ. ಇದುವರೆಗೆ ಯಾರೂ ಬಂದು ಜಗಳ ಮಾಡಿಲ್ಲ. ಮದ್ರಾಸಿನವರಿಗೆ ನಮ್ಮ ಬಡತನ ನೋಡಿದರೆ ಕನಿಕರ ಉಕ್ಕುತ್ತದೆ ಎಂದುಕೊಂಡು ಸುಮ್ಮನೆ ಫ್ರಿಜ್ಜಿನಲ್ಲಿಟ್ಟಿದ್ದೆ.

ಮೊನ್ನೆ ತೆಗೆಯಬೇಕಾಯಿತು. ನನ್ನ ತಂಗಿ ಹಂಪಮ್ಮ ಮತ್ತೆ ಬಸುರಿ, ನಾಲ್ಕು ತಿಂಗಳು. ಮುಖ ಬಿಳಿಚಿಕೊಂಡು ಕೂತಿದ್ದಾಳೆ. ಕಂಪ್ಲಿಯಿಂದ ಅವಳ ಗಂಡ ತೋಟಪ್ಪ ಕರೆತಂದ. ಡಾಕ್ಟರು ಒಂದು ಬಾಟಲಿ ರಕ್ತ ಏರಿಸಿ ಎಂದರು. ಅವಳದು ಓ ಪಾಸಿಟಿವ್, ನಮ್ಮಲ್ಲಿ ಓ ಪಾಸಿಟಿವ್ ನಾಲ್ಕು ಬಾಟಲಿ ಇತ್ತು. ಉಪ್ಪುನೀರಿನಲ್ಲಿ ನಾಲ್ಕೂ ಹೊಂದಿದವು. ತಂಗಿಯಲ್ಲವೇ, ಇನ್ನೊಂದು ಸಲ ನೋಡೋಣ ಎಂದು ನಿನ್ನ ಸೀರಂ ಎರಡು ಹನಿ ಹಾಕಿದೆ. ನಾಲ್ಕೂ ಗಂಟು ಕಟ್ಟಿದವು, ಒಂದೂ ಹೊಂದಲಿಲ್ಲ.

ಇನ್ನೂ ಕೇಳು. ನಮ್ಮ ಬ್ಯಾಂಕಿನಲ್ಲಿ ದಿನಾ ಬೆಳಿಗ್ಗೆ ಮೊದಲ ಕೆಲಸವೇ ನನ್ನ ತೋಳಿನಿಂದ ಎರಡು ಸಿಸಿ ರಕ್ತ ತೆಗೆಯುವುದು. ನಾನು ಓ ಗುಂಪಿನವಳು, ನನ್ನ ರಕ್ತಕಣ ಯಾರ ಸೀರಂನಲ್ಲೂ ಗಂಟು ಕಟ್ಟಬಾರದು. ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡು ದಿನದ ಕೆಲಸವೆಲ್ಲ ನಡೆಯುತ್ತದೆ. ನಿನ್ನ ಸೀರಂ ಬಿದ್ದ ಮೇಲೆ ನನ್ನ ಸ್ವಂತ ತಂಗಿಯ ಸೀರಂನಲ್ಲಿ ನನ್ನ ಕಣವೇ ಗಂಟು ಕಟ್ಟಿತು, ಆ ನಾಲ್ಕು ಬಾಟಲಿಗಿಂತ ಜೋರಾಗಿ. ಕೊಳವೆಗಳನ್ನು ಮೂರು ಸಲ ತೊಳೆದು ನೋಡಿದೆ. ಅದೇ ಗಂಟು.

ಬಳ್ಳಾರಿಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಈ ಕೋರ್ಸು ಓದಿದೆವು. ಮೈಕ್ರೋಸ್ಕೋಪು ಹೊಂದಿಸುವುದನ್ನು ನಿನಗೆ ಹೇಳಿಕೊಟ್ಟವಳು ನಾನು. ಇದ್ದ ಒಂದು ಮದ್ರಾಸಿನ ಸೀಟು ನಿನಗೆ ಹೋಯಿತು, ಹೋಗಲಿ. ಕೆಟ್ಟ ಸೀರಂ ಯಾವುದು, ಒಳ್ಳೆಯದು ಯಾವುದು ಎಂದು ತಿಳಿಯುವಷ್ಟು ವಿದ್ಯೆ ನನಗೂ ಇದೆ.

ಬೇರೆ ಬಾಟಲಿ ಕಳಿಸಿದರೆ ಕಳಿಸು. ಕಳಿಸದಿದ್ದರೂ ನಡೆಯುತ್ತದೆ.

ಇಂತಿ,
ಚೆನ್ನಬಸಮ್ಮ


ಮದ್ರಾಸು
20 ಏಪ್ರಿಲ್ 1984

ಚೆನ್ನಬಸಮ್ಮನಿಗೆ,

ಐದು ವರ್ಷದ ನಂತರ ನಿನ್ನ ಕಾಗದ ಬಂತು. ಬೈಗುಳವಾದರೂ ಕೈಬರಹ ನಿನ್ನದೇ, ಎರಡು ಸಲ ಓದಿದೆ.

ಒಂದು ಕೆಲಸ ಮಾಡು. ನನ್ನ ಬಾಟಲಿಯ ಸೀರಂ ಹಾಕಿ ನಿನ್ನ ಕಣವನ್ನು ಬೇರೆ ಐದು ಜನ ರೋಗಿಗಳ ಸೀರಂನಲ್ಲಿ ನೋಡು. ಬಾಟಲಿ ಕೆಟ್ಟಿದ್ದರೆ ಐದರಲ್ಲೂ ಗಂಟು ಕಟ್ಟಬೇಕು. ಹಂಪಮ್ಮನ ಸೀರಂನಲ್ಲಿ ಮಾತ್ರ ಕಟ್ಟಿದರೆ ತಪ್ಪು ಬಾಟಲಿಯದಲ್ಲ, ನಿನ್ನ ಕೈಯದೂ ಅಲ್ಲ. ಅವಳ ರಕ್ತದಲ್ಲಿ ಆಂಟಿಬಾಡಿ ಇದೆ. ಉಪ್ಪುನೀರಿನಲ್ಲಿ ಅದು ಕಾಣುವುದಿಲ್ಲ, ಕೂಂಬ್ಸ್ ಹಾಕಿದಾಗ ಮಾತ್ರ ಕಾಣುತ್ತದೆ.

ಯಾವುದರ ವಿರುದ್ಧ ಎಂದು ಕಂಡುಹಿಡಿಯಬೇಕು. ನಮ್ಮಲ್ಲಿ ಹನ್ನೊಂದು ಜನ ದಾನಿಗಳ ಕಣಗಳಿವೆ. ಯಾರ ಕಣದ ಮೇಲೆ ಯಾವ ಯಾವ ಗುರುತು ಇದೆ, ಯಾವುದು ಇಲ್ಲ ಎಂದು ಮೊದಲೇ ಪಟ್ಟಿ ಮಾಡಿಟ್ಟಿದ್ದೇವೆ. ಅವಳ ಸೀರಂ ಯಾರ ಯಾರ ಮೇಲೆ ಮುನಿಯುತ್ತದೆ ಎಂದು ನೋಡಿ ಪಟ್ಟಿಗೆ ಹೋಲಿಸಿದರೆ ಆ ಗುರುತು ಸಿಗುತ್ತದೆ. ಅಲ್ಲಿಯವರೆಗೆ ಅವಳಿಗೆ ಯಾರ ರಕ್ತವನ್ನೂ ಏರಿಸಬೇಡ. ಕಬ್ಬಿಣದ ಇಂಜೆಕ್ಷನ್ ಕೊಡಲಿ.

ಅವಳ ರಕ್ತ, ತೋಟಪ್ಪನ ರಕ್ತ, ನಿನ್ನ ಕಣ ಮೂರನ್ನೂ ಕಳಿಸು. ಜೊತೆಯ ಫಾರಂ ತುಂಬು. ಮುಖ್ಯವಾದ ಪ್ರಶ್ನೆ ಮೊದಲನೆಯದು: ಹಿಂದೆ ರಕ್ತ ಏರಿಸಿದ್ದುಂಟೆ? ಇದ್ದರೆ ಯಾವಾಗ, ಯಾರದು?

ಇನ್ನೊಂದು ಮಾತು. ಹಂಪಮ್ಮ ನನಗೆ ಕಾಗದ ಬರೆಯುವುದನ್ನು ಯಾಕೆ ನಿಲ್ಲಿಸಿದಳು? ತಿಂಗಳಿಗೊಂದು ಬರುತ್ತಿತ್ತು. ಎರಡು ವರ್ಷದ ಹಿಂದೆ, ಅವಳ ಎರಡನೇ ಹೆರಿಗೆಗೆ ಮೊದಲು ಕೂಸಿಗೆಂದು ಒಂದು ಹಳದಿ ಅಂಗಿ ಹೊಲಿದು ಕಳಿಸಿದ್ದೆ. ಆಮೇಲೆ ಒಂದು ಸಾಲೂ ಇಲ್ಲ. ಕೂಸು ಹೋದ ಸುದ್ದಿ ಸಂಡೂರಿನ ನಮ್ಮ ಅಪ್ಪನಿಂದ ತಿಳಿಯಿತು.

ನಿನ್ನ,
ಎರ್ರಮ್ಮ


ಹೊಸಪೇಟೆ
3 ಮೇ 1984

ಎರ್ರಮ್ಮನಿಗೆ,

ಐದು ಜನರ ಸೀರಂನಲ್ಲಿ ನೋಡಿದೆ. ಗಂಟು ಕಟ್ಟಲಿಲ್ಲ. ಬಾಟಲಿ ಸರಿಯಾಗಿದೆ ಎಂದು ಬರೆದಿದ್ದೇನೆ, ಸಾಕಲ್ಲ?

ತೋಟಪ್ಪನೇ ಫ್ಲಾಸ್ಕು ಹಿಡಿದು ಬರುತ್ತಿದ್ದಾನೆ. ಕಾಲುವೆ ನೀರು ನಿಲ್ಲಿಸಿರುವುದರಿಂದ ಗದ್ದೆಯಲ್ಲಿ ಕೆಲಸವಿಲ್ಲ. ಗುಂತಕಲ್ಲಿನಲ್ಲಿ ರೈಲು ಬದಲಾಯಿಸುವಾಗ ಐಸು ಹಾಕಿಸಿಕೋ ಎಂದು ನಾಲ್ಕು ಸಲ ಹೇಳಿದ್ದೇನೆ. ಒಳ್ಳೆಯ ಮನುಷ್ಯ. ಹೊಸ ಟ್ರ್ಯಾಕ್ಟರು ಕೊಂಡ ಮೇಲೂ ಅತ್ತಿಗೆ ಎಂದು ನನ್ನ ಎದುರು ಕುರ್ಚಿಯ ಮೇಲೆ ಕೂರುವುದಿಲ್ಲ.

ಫಾರಂ ತುಂಬಿದ್ದೇನೆ. ಹಿಂದೆ ರಕ್ತ ಏರಿಸಿದ್ದು: ಇಲ್ಲ. ಮೊದಲ ಹೆರಿಗೆ 1979ರ ಡಿಸೆಂಬರು, ಗಂಡು, ಚೆನ್ನಾಗಿದ್ದಾನೆ. ಎರಡನೆಯದು 1982ರ ಮಾರ್ಚಿ, ಹೆಣ್ಣು, ಹುಟ್ಟಿದ ದಿನವೇ ಹಳದಿಗೆ ತಿರುಗಿ ಮೂರನೇ ದಿನ ಹೋಯಿತು. ತಾಯಿ ಪಾಸಿಟಿವ್ ಇರುವುದರಿಂದ ರಕ್ತದ ತೊಂದರೆಯಲ್ಲ ಎಂದು ಡಾಕ್ಟರು ಹೇಳಿದ್ದರು.

ಮನೆತನ ನಡೆಸುವ ಹೆಣ್ಣಿಗೆ ಕಾಗದ ಬರೆಯಲು ಪುರುಸೊತ್ತು ಸಿಗುವುದಿಲ್ಲ. ನಿನಗೆ ಗೊತ್ತಾಗಲಿಕ್ಕಿಲ್ಲ.

ನಿನ್ನೆ ಕಂಪ್ಲಿಗೆ ಹೋಗಿ ಅವಳ ತೋಳಿನಿಂದ ರಕ್ತ ತೆಗೆದೆ. ಯಾರಿಗೆ ಕಳಿಸುತ್ತೇನೆ ಎಂದು ಹೇಳಿದೆ. ಎರಡು ವರ್ಷ ನಿನ್ನ ಹೆಸರೆತ್ತದಿದ್ದವಳು ತಲೆ ಬಗ್ಗಿಸಿಕೊಂಡೇ ಕೇಳಿದಳು: "ಎರ್ರಕ್ಕ ಹೆಂಗದಾಳ? ಅಕಿ ನೋಡಿದ್ರ ಗೊತ್ತಾಕ್ಕತಿ ಬಿಡು." ಸೂಜಿ ಹಿಡಿದು ಮುಂದೆ ಕೂತವಳು ನಾನು. ನೋಡಬೇಕಾದವಳು ನೀನು! ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಅದೇ ಮಾತು ಕೇಳಿಸುತ್ತಿತ್ತು.

ಇಂತಿ,
ಚೆನ್ನಬಸಮ್ಮ


ಮದ್ರಾಸು
11 ಮೇ 1984

ಚೆನ್ನಬಸಮ್ಮನಿಗೆ,

ಗುರುತು ಸಿಕ್ಕಿದೆ. ನಾವು ಅದನ್ನು ಸಣ್ಣ ಸಿ ಎನ್ನುತ್ತೇವೆ. ಹನ್ನೊಂದು ಕೊಳವೆಗಳಲ್ಲಿ ಸಣ್ಣ ಸಿ ಇರುವ ಕಣಗಳೆಲ್ಲ ಗಂಟು ಕಟ್ಟಿದವು. ತಂದೆ ತಾಯಿ ಇಬ್ಬರಿಂದಲೂ ಅದು ಬಂದವರದು ಇನ್ನೂ ಜೋರು. ಹಂಪಮ್ಮನ ಕಣದ ಮೇಲೆ ಆ ಗುರುತು ಇಲ್ಲವೇ ಇಲ್ಲ. ತೋಟಪ್ಪನಿಗೆ ಇದೆ. ನಿನಗೆ ಎರಡೂ ಕಡೆಯಿಂದ ಬಂದಿದೆ. ಒಂದೇ ತಂದೆ ತಾಯಿಯ ಮಕ್ಕಳಲ್ಲಿ ಹೀಗೂ ಆಗುತ್ತದೆ.

ಎರಡನೇ ಕೂಸು ಹೋದದ್ದು ಇದರಿಂದಲೇ. ಅಪ್ಪನ ಗುರುತು ಕೂಸಿಗೆ ಬಂದಿತ್ತು, ತಾಯಿಯ ಆಂಟಿಬಾಡಿ ಹೊಟ್ಟೆಯಲ್ಲೇ ಅದರ ಕಣಗಳನ್ನು ಒಡೆದುಹಾಕಿತು. ಈಗಿನ ಕೂಸಿಗೂ ಅದೇ ಗಂಡಾಂತರವಿದೆ. ಹುಟ್ಟಿದ ಕೂಡಲೇ ಅದರ ರಕ್ತ ತೆಗೆದು ಬೇರೆ ರಕ್ತ ತುಂಬಬೇಕಾಗಬಹುದು. ಮೊದಲೇ ಹೊಂದುವ ಬಾಟಲಿ ಇದ್ದರೆ ಉಳಿಸಿಕೊಳ್ಳಬಹುದು.

ನನಗೆ ನಿದ್ದೆ ಕೆಡಿಸಿರುವುದು ಏಳನೇ ಕೊಳವೆ. ಆ ಕಣದಲ್ಲಿ ಸಣ್ಣ ಸಿ ಇಲ್ಲ, ಆದರೂ ಚೂರು ಗಂಟು ಕಾಣುತ್ತದೆ, ಅಲ್ಲಾಡಿಸಿದರೆ ಮಾಯ. ಇನ್ನೊಂದು ಆಂಟಿಬಾಡಿ ಹಿಂದೆ ಅವಿತಿರಬಹುದು. ಅದನ್ನು ಬಿಟ್ಟುಬಿಟ್ಟು ಸಣ್ಣ ಸಿ ಇಲ್ಲದ ರಕ್ತ ಎಂದು ನಾವು ಆರಿಸಿಟ್ಟ ಬಾಟಲಿಯೇ ಜೀವ ತೆಗೆಯಬಹುದು. ಹುಡುಕಲು ಬೇಕಾದ ಸೀರಂ ನಮ್ಮಲ್ಲೂ ನಾಲ್ಕೇ ಹನಿ ಇದೆ. ಯಾವುದರ ಮೇಲೆ ಅನುಮಾನ ಎಂದು ಗೊತ್ತಿಲ್ಲದೆ ಖರ್ಚು ಮಾಡಲು ನಮ್ಮ ಡಾಕ್ಟರು ಬಿಡುವುದಿಲ್ಲ.

ಒಂದು ಹೆರಿಗೆಯಿಂದಲೇ ಇಷ್ಟೆಲ್ಲ ಬಂದಿದೆ ಎಂದು ನನಗೆ ಅನ್ನಿಸುತ್ತಿಲ್ಲ. ಹೊಂದದ ರಕ್ತ ಏರಿಸಿದಾಗಲೂ ಇಂಥ ಆಂಟಿಬಾಡಿ ಹುಟ್ಟುತ್ತದೆ. ಫಾರಂನಲ್ಲಿ "ಇಲ್ಲ" ಎಂಬುದನ್ನು ನೀನು ಎರಡು ಸಲ ಹೊಡೆದುಹಾಕಿ ಬರೆದಿದ್ದೀಯ. ಅದಕ್ಕೇ ಮತ್ತೆ ಕೇಳುತ್ತಿದ್ದೇನೆ. ಮೊದಲ ಹೆರಿಗೆಯಲ್ಲಿ ಅವಳಿಗೆ ರಕ್ತ ಕೊಟ್ಟವರು ಯಾರು? ಅವರ ಗುರುತುಗಳು ಗೊತ್ತಾದರೆ ಏಳನೇ ಕೊಳವೆಯ ಗುಟ್ಟು ತಿಳಿಯುತ್ತದೆ.

ನಿನ್ನ,
ಎರ್ರಮ್ಮ


ಮದ್ರಾಸು
15 ಜೂನ್ 1984

ಚೆನ್ನಿ,

ತಿಂಗಳು ದಾಟಿತು. ಉತ್ತರವಿಲ್ಲ.

ನಿನಗೆ ನನ್ನ ಮೇಲೆ ಸಿಟ್ಟು ಎಂದು ಗೊತ್ತು. ಮದ್ರಾಸಿನ ಸಂದರ್ಶನದಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಮನೆ ಬಿಟ್ಟು ಇರುತ್ತೀಯಾ? ನೀನು "ಅವ್ವನ್ನ ಕೇಳಿ ಹೇಳ್ತೀನ್ರಿ" ಎಂದೆ. ನನಗೆ ಬಿಡಲು ಮನೆಯೇ ಇರಲಿಲ್ಲ. ಅಪ್ಪ ಗಣಿಯ ಲೈನಿನಲ್ಲಿ ಹತ್ತು ಜನರ ಜೊತೆ ಮಲಗುತ್ತಿದ್ದ. ಕೋರ್ಸು ಓದುತ್ತ ನಿಮ್ಮ ಮನೆಯಲ್ಲಿದ್ದ ಆ ಎರಡು ವರ್ಷ ನಿಮ್ಮವ್ವ ನಿನ್ನ ತಲೆ ಬಾಚಿ ಆಮೇಲೆ ನನ್ನದು ಬಾಚುತ್ತಿದ್ದಳು. ನಾನು ಯಾವಾಗಲೂ ಎರಡನೆಯವಳು. ಹಣಿಗೆಯಲ್ಲಿ ನಿನ್ನ ಕೂದಲು ಸಿಕ್ಕಿಕೊಂಡಿರುತ್ತಿತ್ತು. ನನಗೆ ಎಷ್ಟು ಹೊಟ್ಟೆಕಿಚ್ಚಾಗುತ್ತಿತ್ತು ಎಂದು ನಿನಗೆ ಗೊತ್ತಿಲ್ಲ.

ಅದನ್ನೆಲ್ಲ ಬಿಡು. ಹಂಪಮ್ಮನಿಗೆ ಆರು ತಿಂಗಳು ತುಂಬಿತು. ಯಾರ ರಕ್ತ, ಚೆನ್ನಿ?

ಎರ್ರಮ್ಮ


ಹೊಸಪೇಟೆ
28 ಜೂನ್ 1984

ಎರ್ರಮ್ಮ,

ನನ್ನದು.

ಈ ಒಂದು ಪದ ಬರೆಯಲು ಏಳು ವಾರ ಬೇಕಾಯಿತು. ಅಷ್ಟರಲ್ಲಿ ನಿನ್ನ ಸಹಾಯವಿಲ್ಲದೆ ನಾನೇ ಕಂಡುಹಿಡಿಯುತ್ತೇನೆ ಎಂದು ಹೊರಟೆ. ನರ್ಸುಗಳು, ಅಡುಗೆಯ ಭರಮಮ್ಮ, ಗೇಟಿನ ಹೊನ್ನೂರಪ್ಪ, ಸಕ್ಕರೆ ಕಾರ್ಖಾನೆಯ ಇಬ್ಬರು, ಒಟ್ಟು ಹನ್ನೊಂದು ಜನರ ಬೆರಳು ಚುಚ್ಚಿ ನನ್ನದೇ ಪಟ್ಟಿ ಮಾಡಿದೆ. ಹೊನ್ನೂರಪ್ಪ, "ದಿನಾ ಚುಚ್ಚಿದ್ರ ನಾ ಜರಡಿ ಆಗ್ತೀನ್ರಿ ಅಕ್ಕಾರ" ಎಂದ. ಯಾರಲ್ಲಿ ಗಂಟು ಕಟ್ಟುತ್ತದೆ ಎಂದು ತಿಳಿಯಿತು. ಯಾಕೆ ಎಂದು ತಿಳಿಯಲಿಲ್ಲ. ಅವರ ಗುರುತುಗಳೇ ನನಗೆ ಗೊತ್ತಿರಲಿಲ್ಲವಲ್ಲ.

ಡಿಸೆಂಬರು 1979. ಮಧ್ಯಾಹ್ನ ಹೆರಿಗೆಯಾಯಿತು, ರಕ್ತ ನಿಲ್ಲಲಿಲ್ಲ. ಫ್ರಿಜ್ಜಿನಲ್ಲಿ ಓ ಗುಂಪಿನ ಒಂದು ಬಾಟಲಿಯೂ ಇರಲಿಲ್ಲ. ನಾನು ಬೆಂಚಿನ ಮೇಲೆ ಮಲಗಿ ನರ್ಸಿನ ಕೈಯಲ್ಲಿ ನನ್ನ ರಕ್ತ ತೆಗೆಸಿದೆ. ಉಪ್ಪುನೀರಿನಲ್ಲಿ ಎರಡು ನಿಮಿಷ ನೋಡಿದೆ, ಹೊಂದಿತು, ಏರಿಸಿದೆವು. ಪುಸ್ತಕದಲ್ಲಿ ಬರೆಯಲಿಲ್ಲ. ಡ್ಯೂಟಿಯಲ್ಲಿದ್ದವಳು ಯಾರನ್ನೂ ಕೇಳದೆ ತನ್ನ ರಕ್ತ ಕೊಟ್ಟಳು ಎಂದು ಗೊತ್ತಾದರೆ ಕೆಲಸ ಹೋಗುತ್ತಿತ್ತು. ಡಾಕ್ಟರಿಗೆ ಬಳ್ಳಾರಿಯಿಂದ ಬಂದ ಬಾಟಲಿ ಎಂದೆ.

ಆಸ್ಪತ್ರೆಯಲ್ಲಿ ಮುಚ್ಚಿಟ್ಟೆ, ಕಂಪ್ಲಿಯಲ್ಲಿ ಮಾತ್ರ ಸಾರಿಕೊಂಡು ತಿರುಗಿದೆ. "ಅಕಿ ಮೈಯಾಗ ಹರಿಯೋದು ನನ್ನ ರಕ್ತ" ಎಂದು ಅವಳ ಅತ್ತೆಯ ಮುಂದೆ ಎಷ್ಟು ಸಲ ಹೇಳಿದೆನೋ. ಹಂಪಮ್ಮ ನಿನ್ನ ಕಾಗದ ಹಿಡಿದು "ಎರ್ರಕ್ಕ ಬರದಾಳ ನೋಡು" ಎಂದು ಕುಣಿಯುತ್ತಿದ್ದಾಗ ಒಳಗೊಳಗೇ ಅಂದುಕೊಳ್ಳುತ್ತಿದ್ದೆ: ನಿನಗೆ ಕಾಗದ, ನನಗೆ ರಕ್ತ. ಎರಡನೇ ಬಸಿರಿನಲ್ಲಿ ಬಯಕೆ ಏನೆಂದು ಕೇಳಿದರೆ "ಎರ್ರಕ್ಕನ್ನ ನೋಡಬೇಕು" ಎಂದಳು. ನಾನು ಅಲ್ಲೇ ಪಕ್ಕದಲ್ಲಿ ಕೂತಿದ್ದೆ. ನೋಡಿದ್ದನ್ನೇ ಏನು ನೋಡುವುದು, ಅಲ್ಲವೇ?

ಆಮೇಲೆ ನಿನ್ನ ಹಳದಿ ಅಂಗಿ ಬಂತು. ಹುಟ್ಟುವ ಮುಂಚೆ ಕೂಸಿಗೆ ಬಟ್ಟೆ ತರಬಾರದು ಎಂದು ನಮ್ಮ ಕಡೆ ಇರುವುದು ನಿನಗೂ ಗೊತ್ತು, ಮದ್ರಾಸಿನಲ್ಲಿ ಮರೆತಿದ್ದೆ. ಕೂಸು ಹಳದಿಯಾಗಿ ಹೋಯಿತು, ಅಂಗಿಯೂ ಹಳದಿ. ಹಂಪಮ್ಮನಿಗೆ ನಾನೇ ಹೇಳಿದೆ: "ಮದುವಿ ಇಲ್ಲ, ಮಕ್ಕಳಿಲ್ಲ, ಅಂಥಾಕಿ ಕಣ್ಣು ಬಿತ್ತು ನೋಡು." ನನಗೂ ಮದುವೆಯಿಲ್ಲ, ಮಕ್ಕಳಿಲ್ಲ. ಆ ಮಾತು ನನಗೂ ಒಪ್ಪುತ್ತದೆ ಎಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಅಂಗಿಯನ್ನು ಕಾಲುವೆಗೆ ಬಿಟ್ಟು ಬರುತ್ತೇನೆ ಎಂದು ತೆಗೆದುಕೊಂಡು ಹೋದೆ. ಅವತ್ತಿನಿಂದ ಅವಳು ನಿನಗೆ ಬರೆಯಲಿಲ್ಲ. ನನಗೆ ಸಮಾಧಾನವಾಯಿತು, ಅದನ್ನೂ ಬರೆದುಬಿಡುತ್ತೇನೆ.

ನಿನ್ನ ಕಣ್ಣೂ ಅಲ್ಲ, ಯಾರ ಕಣ್ಣೂ ಅಲ್ಲ. ನನ್ನ ಬಾಟಲಿ. ಹಂಪಮ್ಮನಿಗೆ ಇನ್ನೂ ಹೇಳಿಲ್ಲ.

ಇನ್ನೊಮ್ಮೆ ನನ್ನ ರಕ್ತ ಕಳಿಸುತ್ತಿದ್ದೇನೆ. ಎಲ್ಲ ಗುರುತುಗಳನ್ನೂ ನೋಡು.

ಚೆನ್ನಬಸಮ್ಮ


ಮದ್ರಾಸು
9 ಜುಲೈ 1984

ಚೆನ್ನಿ,

ಮೊದಲು ಕೆಲಸದ ಮಾತು. ನಿನ್ನಲ್ಲಿ ಕಿಡ್ ಎಂಬ ಇನ್ನೊಂದು ಗುರುತು ಇದೆ. ಏಳನೇ ಕಣದಲ್ಲೂ ಇದೆ, ತೋಟಪ್ಪನಲ್ಲಿ ಇಲ್ಲ. ಡಾಕ್ಟರಿಗೆ ನಿನ್ನ ಕಾಗದದ ಅಷ್ಟು ಭಾಗ ಓದಿ ಹೇಳಿದೆ, ನಾಲ್ಕು ಹನಿಯಲ್ಲಿ ಎರಡು ಕೊಟ್ಟರು. ಹಂಪಮ್ಮನಿಗೆ ಕಿಡ್ ಇಲ್ಲ. ಅವಿತಿದ್ದ ಆಂಟಿಬಾಡಿ ಅದರದೇ. ಅದು ಗಂಡನಿಂದ ಬರುವಂತಿಲ್ಲ, ನಿನ್ನಿಂದಲೇ ಬಂದದ್ದು. ನೀನು ಹೇಳದಿದ್ದರೆ ನಾನು ಸಣ್ಣ ಸಿ ಮಾತ್ರ ನೋಡಿ ಬಾಟಲಿ ಆರಿಸುತ್ತಿದ್ದೆ.

ಸಣ್ಣ ಸಿ ಇಲ್ಲದವರು ಹತ್ತರಲ್ಲಿ ನಾಲ್ಕು ಜನ ಸಿಗುತ್ತಾರೆ. ಸಣ್ಣ ಸಿ, ಕಿಡ್ ಎರಡೂ ಇಲ್ಲದ ಓ ಗುಂಪಿನವರು ಅಪರೂಪ. ನಮ್ಮ ದಾನಿಗಳ ಪುಸ್ತಕದಲ್ಲಿ ಮೂವರಿದ್ದಾರೆ. ಒಬ್ಬ ಊರು ಬಿಟ್ಟಿದ್ದಾನೆ, ಒಬ್ಬನಿಗೆ ಕಾಮಾಲೆಯಾಗಿತ್ತು. ಮೂರನೆಯವಳು ನಾನು. ಆಗಸ್ಟ್ ಕೊನೆಗೆ ರಜೆ ಬರೆದುಕೊಟ್ಟಿದ್ದೇನೆ.

ಈಗ ನಿನ್ನ ಮಾತು. ರಕ್ತದ ವಿಷಯಕ್ಕೆ ನನಗೆ ಸಿಟ್ಟಿಲ್ಲ. ನೀನು ಕೊಡದಿದ್ದರೆ ಅವಳು ಅವತ್ತೇ ಹೋಗುತ್ತಿದ್ದಳು. ಅಂಗಿಯ ವಿಷಯಕ್ಕೆ ಸಿಟ್ಟಿದೆ. ಆ ಅಂಗಿಯನ್ನು ಕೈಯಲ್ಲೇ ಹೊಲಿದಿದ್ದೆ. ಎರಡು ವರ್ಷ ನನ್ನ ತಪ್ಪೇನು ಎಂದು ಹುಡುಕಿದ್ದೇನೆ. ಇದು ಇಷ್ಟು ಬೇಗ ಹೋಗುವ ಸಿಟ್ಟಲ್ಲ, ಹೋಗಲಿ ಎಂದು ನಾನೂ ಪ್ರಯತ್ನಿಸುವುದಿಲ್ಲ.

ನಾನು ಬರುವ ಮುಂಚೆ ಅವಳಿಗೆ ನೀನೇ ಹೇಳಬೇಕು. ನಾನು ಬಂದು ಹೇಳುವಂತೆ ಮಾಡಬೇಡ.

ಎರ್ರಮ್ಮ


ಕಂಪ್ಲಿ
2 ಆಗಸ್ಟ್ 1984

ಎರ್ರಕ್ಕನಿಗೆ ಹಂಪಮ್ಮ ಮಾಡುವ ನಮಸ್ಕಾರ.

ಅಕ್ಕ ನಿನ್ನೆ ಬಂದು ಎಲ್ಲ ಹೇಳಿದಳು. ನಿಂತೇ ಹೇಳಿದಳು, ಕುಂದ್ರು ಅಂದರೂ ಕೂರಲಿಲ್ಲ. ನಾನು ಕೇಳಿದ್ದು ಒಂದೇ: "ಎರಡನೇದು ಅದಕ್ಕ ಹೋತೇನು?" ಹೌದು ಎಂದಳು. "ಮತ್ತ ಎರ್ರಕ್ಕನ ಮ್ಯಾಲ ಯಾಕ ಹಾಕಿದಿ?" ಎಂದೆ. ಅವಳು ತಂದಿದ್ದ ಶೇಂಗಾ ಹೋಳಿಗೆ ಡಬ್ಬಿಯನ್ನು ವಾಪಸ್ ಕಳಿಸಿದೆ.

ನಾನೂ ನಂಬಿದೆನಲ್ಲ ಅಕ್ಕ. ನಿನ್ನ ಕೈಯ ಅನ್ನ ಉಂಡವಳು, ನಂಬಬಾರದಿತ್ತು.

ಗದ್ದೆ ನಾಟಿ ಮುಗಿದಿದೆ. ಇವರು ಸ್ಟೇಷನ್ನಿಗೆ ಬರುತ್ತಾರೆ. ಬಾ.

ನಿನ್ನ,
ಹಂಪಿ


ಹೊಸಪೇಟೆ
24 ಸೆಪ್ಟೆಂಬರ್ 1984

ಎರ್ರಮ್ಮ,

ನೀನು ರೈಲು ಹತ್ತಿ ಹದಿನೈದು ದಿನವಾಯಿತು. ಕೂಸಿನ ಕಣ್ಣಿನ ಬಿಳಿ ಈಗ ಪೂರ್ತಿ ಬಿಳಿ. ಹಿಮೋಗ್ಲೋಬಿನ್ ಹನ್ನೊಂದು ಗ್ರಾಂ. ಬಳ್ಳಾರಿಯ ಮಕ್ಕಳ ಡಾಕ್ಟರು ಮೊನ್ನೆ ಬಂದು, ಇನ್ನೊಂದು ಸಲ ರಕ್ತ ಬದಲಾಯಿಸುವ ಅಗತ್ಯವಿಲ್ಲ ಎಂದರು. ಅವರಿಗೆ ನಿನ್ನ ಹನ್ನೊಂದು ಕೊಳವೆಗಳ ಪಟ್ಟಿ ತೋರಿಸಿದೆ. "ಯಾರಮ್ಮ ಇದನ್ನು ಮಾಡಿದ್ದು?" ಎಂದರು. ನಿನ್ನ ಹೆಸರು ಹೇಳಿದೆ. ಹೇಳುವಾಗ ಹೊಟ್ಟೆ ಉರಿಯಿತು, ಆದರೂ ಹೇಳಿದೆ.

ಒಂದು ವಿಷಯ ನಿನ್ನ ಎದುರು ಹೇಳಲಾಗಲಿಲ್ಲ. ಕೂಸಿಗೆಂದು ನಿನ್ನ ರಕ್ತ ತೆಗೆದ ದಿನ ನಿನ್ನ ತೋಳಿಗೆ ಎರಡು ಸಲ ಚುಚ್ಚಿದೆ, ಮೊದಲ ಸಲ ನರ ಸಿಗಲಿಲ್ಲ ಎಂದೆ. ಸಿಕ್ಕಿತ್ತು. ಬಾಗಿಲಲ್ಲಿ ಹಂಪಮ್ಮ ನಿನ್ನ ಕೈ ಹಿಡಿದು ನಿಂತಿದ್ದು ನೋಡಿ ಬಂದಿದ್ದೆ, ಅದಕ್ಕೆ ಸೂಜಿ ಆಚೆ ತೆಗೆದು ಇನ್ನೊಮ್ಮೆ ಚುಚ್ಚಿದೆ. ನೀನು ನನ್ನ ಮುಖ ನೋಡಿದೆ. ನಿನಗೆ ಗೊತ್ತಾಗಿತ್ತು ಅಂತ ಕಾಣುತ್ತದೆ.

ದೊಡ್ಡ ಡಾಕ್ಟರ ಮುಂದೆ 1979ರ ಸಂಗತಿ ಹೇಳಿಕೊಂಡೆ. ಕೆಲಸ ಹೋಗಲಿಲ್ಲ, ಎರಡು ವರ್ಷದ ಬಡ್ತಿ ಹೋಯಿತು. ಹಳೆಯ ಪುಸ್ತಕ ತೆಗೆಸಿ ನನ್ನ ಕೈಯಲ್ಲೇ ಬರೆಸಿದರು. ತಾಯಿಯ ಫಾರಂನಲ್ಲಿ: ಹಿಂದೆ ರಕ್ತ ಏರಿಸಿದ್ದುಂಟೆ? ಉಂಟು, ಚೆನ್ನಬಸಮ್ಮ, ಅಕ್ಕ. ಕೂಸಿಗೂ ಒಂದು ಫಾರಂ ಮಾಡಿದೆ. ಉಂಟು, ಎರ್ರಮ್ಮ, ಮದ್ರಾಸು. ಅಲ್ಲಿ ನೀನು ಏನಾಗಬೇಕು ಎಂದು ತಿಳಿಯಲಿಲ್ಲ. ಕೊನೆಗೆ "ದೊಡ್ಡಮ್ಮ" ಎಂದು ಬರೆದೆ. ದಿನಾ ಬೆಳಿಗ್ಗೆ ನನ್ನ ಕಣ ತೆಗೆಯುವುದನ್ನು ಬಿಡಲಿಲ್ಲ, ಆದರೆ ಪಕ್ಕದಲ್ಲಿ ಹೊನ್ನೂರಪ್ಪನದೂ ಭರಮಮ್ಮನದೂ ಇಡುತ್ತೇನೆ.

ಹಂಪಮ್ಮ ನೀನಿದ್ದಾಗ ನನ್ನ ಜೊತೆ ಮಾತಾಡಲಿಲ್ಲ, ನೀನೇ ನೋಡಿದ್ದೀಯ. ನೀನು ಹೋದ ಮೇಲೂ ಆಡಲಿಲ್ಲ. ನಾನು ದಿನಾ ವಾರ್ಡಿಗೆ ಹೋಗಿ ಕೂಸಿನ ಹಿಮ್ಮಡಿ ಚುಚ್ಚಿ ರಕ್ತ ತೆಗೆದುಕೊಂಡು ಬರುತ್ತಿದ್ದೆ. ಕೂಸು ಅಳುತ್ತಿತ್ತು, ಇವಳು ಗೋಡೆ ಕಡೆ ತಿರುಗುತ್ತಿದ್ದಳು. ನಿನ್ನೆ ಕೊನೆಯ ಸಲ ಚುಚ್ಚಿ ಏಳುವ ಮೊದಲೇ ಇವಳು ಕೂಸನ್ನು ಎತ್ತಿ ನನ್ನ ಮಡಿಲಿಗೆ ಹಾಕಿ, "ಹಿಡಿ. ಉಚ್ಚಿ ಹೊಯ್ದಾಳ, ಬಟ್ಟಿ ಬದ್ಲು ಮಾಡು" ಎಂದಳು. ಅಷ್ಟೇ. ಸುಮಾರು ಎರಡು ತಿಂಗಳ ನಂತರ ನನಗೆ ಹೇಳಿದ ಮೊದಲ ಮಾತು.

ಮನೆಗೆ ಓಡಿದೆ. ನಿನ್ನ ಹಳದಿ ಅಂಗಿಯನ್ನು ನಾನು ಕಾಲುವೆಗೆ ಬಿಟ್ಟಿರಲಿಲ್ಲ, ಟ್ರಂಕಿನ ತಳದಲ್ಲಿ ಅವ್ವನ ಸೀರೆಯ ಕೆಳಗೆ ಇಟ್ಟಿದ್ದೆ. ಬಿಡಲು ಮನಸ್ಸು ಬಂದಿರಲಿಲ್ಲ, ಅಷ್ಟು ಚೆನ್ನಾಗಿ ಹೊಲಿದಿದ್ದೆ ನೀನು. ತಂದು ಕೂಸಿಗೆ ಹಾಕಿದೆ. ಹಂಪಮ್ಮ ಅದನ್ನು ನೋಡಿದಳು, ನನ್ನನ್ನು ನೋಡಿದಳು. ಕೂಸಿಗೆ ನಿನ್ನ ಹೆಸರನ್ನೇ ಇಡುತ್ತಾರಂತೆ. ತೋಟಪ್ಪ ನನಗೆ ಹೆದರಿ ಹೆದರಿ ಹೇಳಿದ.

ಅಂಗಿ ಅವಳಿಗೆ ಭಾರೀ ದೊಡ್ಡದು, ಕೈ ಹುಡುಕಿದರೂ ಸಿಗುವುದಿಲ್ಲ. ಅಳತೆ ತಪ್ಪಿದ್ದೀಯ. ಇದೊಂದರಲ್ಲಾದರೂ ನೀನು ತಪ್ಪಿದೆಯಲ್ಲ ಎಂದು ನನಗೆ ಖುಷಿಯಾಯಿತು. ತೋಳನ್ನು ಎರಡು ಮಡಿಕೆ ಮಡಿಸಿ ನಾನೇ ಹೊಲಿಗೆ ಹಾಕಿಕೊಟ್ಟೆ.

ನಿನ್ನ,
ಚೆನ್ನಿ